ಹಠ ಮಾಡದ ಮಗು



2020ರ ಮಾರ್ಚ್ 24ರ ರಾತ್ರಿ ದೇಶಕ್ಕೆ ಬೀಗ ಬಿದ್ದಾಗ ನೀವು ಎಲ್ಲಿದ್ದಿರಿ, ಮನೆಯಲ್ಲಿ ಅಕ್ಕಿ ಬೇಳೆ ಎಷ್ಟಿತ್ತು ಎಂಬುದು ನಿಮಗೆ ನೆನಪಿರಬಹುದು. ಅನಂತರದ ವಾರಗಳಲ್ಲಿ ಪತ್ರಿಕೆಗಳಲ್ಲಿ ಬಂದ ಚಿತ್ರಗಳೂ ನೆನಪಿರಬಹುದು. ಹೆದ್ದಾರಿಯ ಅಂಚಿನಲ್ಲಿ ಗಂಟುಮೂಟೆ ಹೊತ್ತು ನಡೆಯುತ್ತಿದ್ದವರು, ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗಾಗಿ ಕಾದು ಕುಳಿತ ಸಂಸಾರಗಳು, ಅನ್ನದ ಪೊಟ್ಟಣಕ್ಕಾಗಿ ಸಾಲು ನಿಂತವರು. ಆ ಚಿತ್ರಗಳನ್ನು ಇನ್ನೊಮ್ಮೆ ಮನಸ್ಸಿಗೆ ತಂದುಕೊಳ್ಳಿ. ಅವುಗಳಲ್ಲಿ ಯಾರದೋ ಹೆಗಲ ಮೇಲೆ, ಯಾರದೋ ಸೊಂಟದಲ್ಲಿ ಒಂದು ಮಗು ಇದ್ದೇ ಇರುತ್ತದೆ. ತಂದೆಯನ್ನು ಪತ್ರಕರ್ತರು ಮಾತನಾಡಿಸಿದರು. ತಾಯಿಯ ಹೆಸರನ್ನು ಅಧಿಕಾರಿಗಳು ಬರೆದುಕೊಂಡರು. ಮಗುವಿಗೆ ಒಂದು ಬಿಸ್ಕತ್ತಿನ ಪೊಟ್ಟಣ ಸಿಕ್ಕಿತು. ಅದನ್ನು ಯಾರೂ ಏನೂ ಕೇಳಲಿಲ್ಲ.

ಈ ಲೇಖನ ಆ ಮಗುವಿನ ಕುರಿತಾದುದು. ದುಡಿಮೆಗಾಗಿ ಊರು ಬಿಟ್ಟು ಬಂದ ತಂದೆತಾಯಿಯರ ಜೊತೆ ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ನೆಲೆಸಿದ್ದ, ಮೂರರಿಂದ ಎಂಟು ವರ್ಷದೊಳಗಿನ ಮಗು. ಸಾಂಕ್ರಾಮಿಕದ ಕಾಲ ಕಳೆದುಹೋಯಿತಲ್ಲ, ಈಗೇಕೆ ಈ ಮಾತು ಎಂದು ನೀವು ಕೇಳಬಹುದು. ಅಂದು ನಾಲ್ಕು ವರ್ಷದವನಾಗಿದ್ದವನಿಗೆ ಈಗ ಹತ್ತರ ಆಸುಪಾಸು. ಅವನು ನಮ್ಮ ಶಾಲೆಯಲ್ಲಿ, ನಮ್ಮ ಮದ್ರಸದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದಾನೆ. ಅವನನ್ನು ನಾವು ದಡ್ಡ ಎಂದೋ, ಮೊಂಡ ಎಂದೋ, ಇಲ್ಲವೇ ‘ಪಾಪ, ಬಹಳ ಸಾಧು ಹುಡುಗ’ ಎಂದೋ ಕರೆಯುತ್ತಿದ್ದೇವೆ. ಮೊದಲ ಎರಡು ಹೆಸರುಗಳು ತಪ್ಪೆಂದು ಎಲ್ಲರೂ ಒಪ್ಪುತ್ತಾರೆ. ನನಗೆ ಹೆಚ್ಚು ಕಳವಳವಿರುವುದು ಮೂರನೆಯದರ ಬಗ್ಗೆ.

ತಗಡಿನ ಗೋಡೆಯೊಳಗೆ

ಪಶ್ಚಿಮ ಬೆಂಗಳೂರೆಂದರೆ ರಾಜಾಜಿನಗರದ, ಬಸವೇಶ್ವರನಗರದ ಮರಗಳ ನೆರಳಿನ ರಸ್ತೆಗಳು ಕಣ್ಣ ಮುಂದೆ ಬರುತ್ತವೆ. ಆದರೆ ಅದೇ ಬಸವೇಶ್ವರನಗರಕ್ಕೆ ಹೊಂದಿಕೊಂಡಂತೆ ಕಾಮಾಕ್ಷಿಪಾಳ್ಯದ ಸಣ್ಣ ಕಾರ್ಖಾನೆಗಳ ಸಾಲಿದೆ. ವಿಜಯನಗರದಿಂದ ಮೈಸೂರು ರಸ್ತೆಯ ಕಡೆ ಇಳಿದರೆ ಬಾಪೂಜಿನಗರ, ಪಾದರಾಯನಪುರ ಸಿಗುತ್ತವೆ. ಅಲ್ಲಿ ಒಂದೊಂದು ಕೋಣೆಯಲ್ಲೂ ಒಂದು ಸಂಸಾರ. ಗಂಡಸರು ಗಾರೆ ಕೆಲಸಕ್ಕೋ ಗುಜರಿ ಅಂಗಡಿಗೋ ಹೋದರೆ, ಹೆಂಗಸರು ಮನೆಯಲ್ಲೇ ಊದುಬತ್ತಿ ಹೊಸೆಯುತ್ತಾರೆ ಅಥವಾ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಇನ್ನೂ ಮುಂದೆ, ನಾಯಂಡಹಳ್ಳಿ ದಾಟಿ ಕೆಂಗೇರಿಯವರೆಗೆ, ಬಹುಮಹಡಿ ಕಟ್ಟಡಗಳು ಏಳುವಲ್ಲೆಲ್ಲ ಪಕ್ಕದಲ್ಲೊಂದು ತಗಡಿನ ಶೆಡ್ಡುಗಳ ಸಾಲು ಏಳುತ್ತದೆ. ಕೆಂಗೇರಿಯ ಮೆಟ್ರೋ ಮಾರ್ಗ ಉದ್ಘಾಟನೆಯಾದುದು 2021ರ ಆಗಸ್ಟ್ 29ರಂದು. ಲಾಕ್‌ಡೌನ್ ಬಂದಾಗ ಅದಿನ್ನೂ ಕಾಮಗಾರಿ. ಇಂದು ಆ ರೈಲಿನಲ್ಲಿ ಕುಳಿತು ಹೋಗುವವರಿಗೆ ಕೆಳಗಿನ ಶೆಡ್ಡುಗಳು ಕಾಣುವುದು ಕ್ಷಣಮಾತ್ರ.

ಇಲ್ಲಿಗೆ ಬಂದವರು ಯಾರು? ಯಾದಗಿರಿ, ರಾಯಚೂರು, ಕಲಬುರಗಿಯ ಮಳೆಯಾಶ್ರಿತ ಹೊಲಗಳಿಂದ ಬಂದವರಿದ್ದಾರೆ. ಬಿಹಾರ, ಒಡಿಶಾ, ಪಶ್ಚಿಮ ಬಂಗಾಳದಿಂದ ಬಂದವರಿದ್ದಾರೆ. ನಾವು ಎರಡನೆಯವರನ್ನು ಮಾತ್ರ ವಲಸೆಗಾರರೆನ್ನುತ್ತೇವೆ. ಸುರಪುರ ತಾಲೂಕಿನ ಹಳ್ಳಿಯಿಂದ ಬಂದ ಐದು ವರ್ಷದ ಹುಡುಗಿಗೆ ಈ ಭೇದ ತಿಳಿಯದು. ಅವಳು ‘ಏನ್ ಮಾಡ್ಲಕತ್ತೀ’ ಎಂದು ಕೇಳಿದಾಗ ಬೆಂಗಳೂರಿನ ಮಕ್ಕಳು ನಕ್ಕರೆ, ಕನ್ನಡದ ನಾಡಿನಲ್ಲೇ ಅವಳು ಪರದೇಶಿಯಾಗುತ್ತಾಳೆ.

1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗಾಗಿ ಶಿಶುಪಾಲನಾ ಕೇಂದ್ರ ಇರಬೇಕಿತ್ತು. ಕಟ್ಟಡ ಕಾರ್ಮಿಕರ 1996ರ ಕಾಯ್ದೆಯಲ್ಲಿ ಈ ಸಂಖ್ಯೆ ಐವತ್ತಾಗಿತ್ತು. ಕಾನೂನು ಒಳ್ಳೆಯದೇ ಆಗಿತ್ತು. ಆದರೆ ಹತ್ತಿಪ್ಪತ್ತು ಹೆಂಗಸರಿರುವ ಕಟ್ಟಡಕ್ಕೆ ಅದು ತಾಗುತ್ತಿರಲಿಲ್ಲ. ಅಲ್ಲಿ ಮಗು ಮರಳಿನ ಗುಡ್ಡೆಯ ಮೇಲೆ ಬೆಳೆಯುತ್ತಿತ್ತು. ಹೇಳಿದರೆ ನಂಬಲಿಕ್ಕಿಲ್ಲ, ಆ ಮರಳಿನ ಗುಡ್ಡೆಯೂ ಒಂದು ಭಾಗ್ಯವೇ ಆಗಿತ್ತು. ಅಲ್ಲಿ ಓರಗೆಯ ಮಕ್ಕಳಿದ್ದರು, ಕಣ್ಣಳತೆಯಲ್ಲಿ ತಾಯಿ ಇದ್ದಳು, ಆಕಾಶವಿತ್ತು.

ಮಾರ್ಚ್ 24ರ ನಂತರ ಅದು ಹೋಯಿತು. ಗಾರ್ಮೆಂಟ್ಸ್ ಮುಚ್ಚಿತು, ಅದರ ಶಿಶುಕೇಂದ್ರವೂ ಮುಚ್ಚಿತು. ಅಂಗನವಾಡಿಗಳು ಆ ಮಾರ್ಚ್‌ನಲ್ಲಿ ಮುಚ್ಚಿದ್ದು ಮತ್ತೆ ತೆರೆದದ್ದು 2021ರ ನವೆಂಬರ್ 8ರಂದು. ಹತ್ತಿರ ಹತ್ತಿರ ಇಪ್ಪತ್ತು ತಿಂಗಳು! ನಮಗೆ ನಿಮಗೆ ಅದು ಕಷ್ಟದ ಒಂದು ಕಾಲ. ಮೂರು ವರ್ಷಕ್ಕೆ ಅಂಗನವಾಡಿ ಬಿಟ್ಟ ಮಗು ಮತ್ತೆ ಆ ಹೊಸ್ತಿಲು ತುಳಿಯುವಾಗ, ಅದು ಅಲ್ಲಿಯವರೆಗೆ ಬದುಕಿದ್ದ ಒಟ್ಟು ಆಯುಷ್ಯದಲ್ಲಿ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು ಭಾಗ ಬಾಗಿಲು ಮುಚ್ಚಿದ ಕೋಣೆಯ ಕಾಲವಾಗಿತ್ತು. ಒಂದರಿಂದ ಐದನೆಯ ತರಗತಿಯವರಿಗೆ ಶಾಲೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ನಡುವೆ 2020ರ ಆಗಸ್ಟ್‌ನಲ್ಲಿ, ರಾಜಾಜಿನಗರದ ಶಾಸಕರೇ ಆಗಿದ್ದ ಅಂದಿನ ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ಅವರ ಕಾಲದಲ್ಲಿ ‘ವಿದ್ಯಾಗಮ’ ಎಂಬ ಯೋಜನೆ ಬಂತು. ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋಗಿ ಮರದ ಕೆಳಗೆ, ಜಗಲಿಗಳಲ್ಲಿ ಕೂರಿಸಿ ಕಲಿಸತೊಡಗಿದರು. ಸೋಂಕು ಹರಡುವ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಚಿಕ್ಕ ಮಕ್ಕಳಿಗೆ ಆನ್‌ಲೈನ್ ಪಾಠ ಬೇಕೇ ಬೇಡವೇ ಎಂಬ ವಾದ ಆ ವರ್ಷ ಹೈಕೋರ್ಟಿನವರೆಗೆ ಹೋಯಿತು. ಶೆಡ್ಡಿನ ಮನೆಯಲ್ಲಿ ಆ ವಾದಕ್ಕೆ ಅರ್ಥವೇ ಇರಲಿಲ್ಲ. ಇದ್ದದ್ದು ಒಂದು ಫೋನು. ಅದು ಮೇಸ್ತ್ರಿಯ ಕರೆಗಾಗಿ ಕಾದಿರುವ ತಂದೆಯ ಕೈಯಲ್ಲಿತ್ತು.

ಆ ದಿನಗಳಲ್ಲಿ ಹೊಟ್ಟೆಯ ಲೆಕ್ಕವನ್ನು ಯಾರೂ ಇಡಲಿಲ್ಲವೆಂದರೆ ಅನ್ಯಾಯವಾದೀತು. ಪಡಿತರ ಹಂಚಲಾಯಿತು. ಕೊಳೆಗೇರಿಗಳಿಗೆ ನಂದಿನಿ ಹಾಲು ಉಚಿತವಾಗಿ ಹೋಯಿತು. ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ಸರಕಾರ ಮೊದಲು 2,000, ಆಮೇಲೆ 3,000 ರೂಪಾಯಿ ಘೋಷಿಸಿತು. ಮಸೀದಿಯವರು, ಗುರುದ್ವಾರದವರು, ಬೀದಿಯ ಯುವಕರು ಅನ್ನ ಬೇಯಿಸಿ ಹಂಚಿದರು. ಆದರೆ ಮಗುವಿನ ಮನಸ್ಸಿನ ಲೆಕ್ಕ ಬರೆಯಲು ಯಾವ ಪುಸ್ತಕದಲ್ಲೂ ಒಂದು ಕಾಲಂ ಇರಲಿಲ್ಲ.

2020ರ ಏಪ್ರಿಲ್ 10ರಂದು ಪಾದರಾಯನಪುರ ಮತ್ತು ಬಾಪೂಜಿನಗರ ವಾರ್ಡುಗಳನ್ನು ಸಂಪೂರ್ಣ ಮುಚ್ಚಲಾಯಿತು. ಸೋಂಕು ತಡೆಯಲು ಅದು ಬೇಕಿತ್ತೆಂದು ವೈದ್ಯರು ಹೇಳುತ್ತಾರೆ. ಬೀದಿಯ ಬಾಯಿಗೆ ಬ್ಯಾರಿಕೇಡ್ ಬಿತ್ತು. ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ಧರಿಸಿದವರು ಬಂದು ಪಕ್ಕದ ಮನೆಯವರನ್ನು ಆ್ಯಂಬುಲೆನ್ಸ್‌ನಲ್ಲಿ ಕರೆದೊಯ್ದರು. ಏಪ್ರಿಲ್ 19ರ ರಾತ್ರಿ ಅಲ್ಲಿ ಗಲಭೆಯಾಗಿ ಅನೇಕರ ಬಂಧನವೂ ಆಯಿತು. ಅದರ ಸರಿತಪ್ಪುಗಳ ವಿಚಾರ ಇಲ್ಲಿಯದಲ್ಲ. ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದ ಐದು ವರ್ಷದ ಮಗುವಿಗೆ ಇದರ ಅರ್ಥವನ್ನು ಯಾರಾದರೂ ಬಿಡಿಸಿ ಹೇಳಿದರೇ? ದೊಡ್ಡವರು ಪಿಸುಗುಟ್ಟಿದರು. ಮಗು ಹತ್ತಿರ ಬಂದಾಗ ಮಾತು ನಿಲ್ಲಿಸಿದರು. ಅದು ಉಳಿದುದನ್ನು ತಾನೇ ಊಹಿಸಿಕೊಂಡಿತು. ಮಗುವಿನ ಊಹೆ ಬಹಳ ಸಲ ನಿಜಕ್ಕಿಂತ ಭಯಂಕರವಾಗಿರುತ್ತದೆ.

ಮಗು ಹೇಳುವ ಬಗೆ

ಎಳೆಯ ಮಗುವಿಗೆ ‘ನನಗೆ ಸಂಕಟವಾಗುತ್ತಿದೆ’ ಎಂದು ಹೇಳಲು ಬಾರದು. ಸಂಕಟ ಎಂಬ ಪದವೇ ಅದರ ಬಳಿ ಇರುವುದಿಲ್ಲ. ಹಾಗಾಗಿ ಅದು ದೇಹದ ಮೂಲಕ ಹೇಳುತ್ತದೆ. ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವುದನ್ನು ಬಿಟ್ಟು ವರ್ಷವಾಗಿದ್ದ ಮಗು ಮತ್ತೆ ಹಾಸಿಗೆ ಒದ್ದೆ ಮಾಡುತ್ತದೆ. ಬೆರಳು ಚೀಪತೊಡಗುತ್ತದೆ. ವೈದ್ಯರಿಗೆ ಏನೂ ಸಿಗದ ಹೊಟ್ಟೆನೋವು ದಿನವೂ ಬರುತ್ತದೆ. ನಡುರಾತ್ರಿ ಬೆಚ್ಚಿ ಏಳುತ್ತದೆ. ತಾಯಿ ನೀರು ತರಲು ನಲ್ಲಿಯವರೆಗೆ ಹೋದರೂ ಸೆರಗು ಬಿಡುವುದಿಲ್ಲ. ಇವೆಲ್ಲ ಮಗುವಿನ ಅರ್ಜಿಗಳು. ನಾವು ಅವನ್ನು ದುರಭ್ಯಾಸಗಳೆಂದು ಓದಿ ಒಂದು ಏಟು ಕೊಡುತ್ತೇವೆ. ಏಟು ತಿಂದ ಮಗು ಅರ್ಜಿ ಬರೆಯುವುದನ್ನು ನಿಲ್ಲಿಸುತ್ತದೆ. ಆಗ ಮನೆಯವರು ‘ಈಗ ಸುಧಾರಿಸಿದ್ದಾನೆ’ ಎನ್ನುತ್ತಾರೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿಯಿದೆ. ಐದಾರು ವರ್ಷದವರೆಗಿನ ಮಗು ಜಗತ್ತಿನಲ್ಲಿ ಆಗುವುದಕ್ಕೆಲ್ಲ ತಾನೇ ಕಾರಣವೆಂದು ಭಾವಿಸುವುದುಂಟು. ತಂದೆಗೆ ಕೆಲಸ ಹೋಗಿದೆ, ಅವನು ಗೋಡೆ ನೋಡುತ್ತ ಕುಳಿತಿದ್ದಾನೆ, ಮಾತೆತ್ತಿದರೆ ಸಿಡುಕುತ್ತಾನೆ. ಮಗುವಿಗೆ ಆರ್ಥಿಕ ಸ್ಥಿತಿ ತಿಳಿಯದು. ‘ನಿನ್ನೆ ನಾನು ಬಿಸ್ಕತ್ತು ಕೇಳಿದೆ, ಅದಕ್ಕೇ ಅಪ್ಪನಿಗೆ ಕೋಪ’ ಎಂದು ಅದು ಲೆಕ್ಕ ಹಾಕುತ್ತದೆ. ಮರುದಿನದಿಂದ ಏನನ್ನೂ ಕೇಳುವುದಿಲ್ಲ. ಹಠ ಮಾಡುವುದಿಲ್ಲ. ಅನ್ನಕ್ಕೆ ಸಾರಿಲ್ಲದಿದ್ದರೂ ಉಣ್ಣುತ್ತದೆ. ನೆರೆಮನೆಯವರು ‘ಎಂಥ ತಿಳಿವಳಿಕೆಯ ಮಗು’ ಎಂದು ಹೊಗಳುತ್ತಾರೆ. ತಾಯಿಗೂ ಕಷ್ಟಕಾಲದಲ್ಲಿ ಅಷ್ಟೇ ಸಮಾಧಾನ.

ಓದುಗರೇ, ಮಗುವಿನ ಹಠ ಒಂದು ನಂಬಿಕೆಯ ಗುರುತು. ಕೇಳಿದರೆ ಯಾರೋ ಓಗೊಡುತ್ತಾರೆಂಬ ಧೈರ್ಯವಿರುವ ಮಗು ಮಾತ್ರ ಹಠ ಮಾಡುತ್ತದೆ. ನಾಲ್ಕು ವರ್ಷದ ಮಗು ಹಠ ಮಾಡುವುದನ್ನು ಏಕಾಏಕಿ ಬಿಟ್ಟರೆ ಅದು ಸದ್ಗುಣವೆಂದು ಬೀಗದೆ, ಏನಾಯಿತೆಂದು ವಿಚಾರಿಸಬೇಕು. ಲಾಕ್‌ಡೌನಿನ ಆ ತಿಂಗಳುಗಳಲ್ಲಿ ಮಕ್ಕಳು ಹೇಗಿದ್ದರೆಂದು ಕೇಳಿದರೆ, ‘ಅವಕ್ಕೇನು, ಸುಮ್ಮನೆ ಇದ್ದವು’ ಎನ್ನುವ ತಂದೆತಾಯಿಯರೇ ಹೆಚ್ಚು. ಆ ಸುಮ್ಮನಿರುವಿಕೆಯನ್ನೇ ನಾವು ಪರೀಕ್ಷಿಸದೆ ಬಿಟ್ಟೆವು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ ಅನ್ನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಮ್ ಎಂಬ ಇಬ್ಬರು ಮಹಿಳೆಯರು ಹ್ಯಾಂಪ್‌ಸ್ಟೆಡ್‌ನಲ್ಲಿ ಎಳೆಯ ಮಕ್ಕಳಿಗಾಗಿ ಆಶ್ರಯಧಾಮ ನಡೆಸಿದರು. ಅವರು ಕಂಡುಕೊಂಡ ವಿಷಯ ವಿಚಿತ್ರವಾಗಿತ್ತು. ಬಾಂಬಿನ ಸದ್ದಿಗಿಂತ ತಾಯಿಯಿಂದ ಅಗಲಿದ್ದು ಮಕ್ಕಳನ್ನು ಹೆಚ್ಚು ಕಂಗೆಡಿಸಿತ್ತು. ಶಾಂತಳಾಗಿದ್ದ ತಾಯಿಯ ಮಗ್ಗುಲಲ್ಲಿ ನೆಲಮಾಳಿಗೆಯಲ್ಲಿ ಮಲಗಿದ ಮಗು ಅಷ್ಟಾಗಿ ಹೆದರಿರಲಿಲ್ಲ. ತಾಯಿ ನಡುಗಿದರೆ ಅದೂ ನಡುಗುತ್ತಿತ್ತು. ಮಗು ಲೋಕವನ್ನು ಓದುವುದು ಹೆತ್ತವರ ಮುಖದಲ್ಲಿ ಎಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಿಲ್ಲ. ಹಾಗೆಂದು ಎಲ್ಲ ಭಾರವನ್ನೂ ತಾಯಿಯ ತಲೆಯ ಮೇಲೆ ಹೇರುವುದು ತಪ್ಪು. ಬಾಡಿಗೆ ಬಾಕಿ, ರೇಷನ್ ಕಾರ್ಡು ಊರಲ್ಲಿ, ಗಂಡನ ಕೈ ಖಾಲಿ. ಇಂಥ ಹೆಣ್ಣುಮಗಳಿಗೆ ‘ನೀನು ನಗುತ್ತಿರು’ ಎಂದು ಉಪದೇಶಿಸುವವರಿಗೆ ನಾಚಿಕೆಯಾಗಬೇಕು. ಅವಳ ಮುಖದಲ್ಲಿ ನೆಮ್ಮದಿ ತರುವ ಕೆಲಸ ಮನೆಯ ಮಾಲೀಕನದು, ಮೇಸ್ತ್ರಿಯದು, ನೆರೆಯವನಾದ ನಿಮ್ಮದು ಮತ್ತು ನನ್ನದು.

ಎರಡು ಬಾರಿ ಕಳೆದ ಊರು

ಮೇ ತಿಂಗಳಿನಲ್ಲಿ ಜನ ಹೊರಟರು. 2020ರ ಮೇ 3ರಂದು ಚಿಕ್ಕಬಾಣಾವರ ನಿಲ್ದಾಣದಿಂದ ಒಡಿಶಾ, ಬಿಹಾರದ ಕಡೆಗೆ ಶ್ರಮಿಕ್ ರೈಲುಗಳು ಹೊರಟವು. ಅದೇ ದಿನಗಳಲ್ಲಿ ಮೆಜೆಸ್ಟಿಕ್ಕಿನಿಂದ ರಾಜ್ಯದೊಳಗಿನ ಕಾರ್ಮಿಕರಿಗೆ ಉಚಿತ ಬಸ್ಸುಗಳು ಓಡಿದವು. ಎರಡೇ ದಿನಗಳಲ್ಲಿ, ಮುಖ್ಯಮಂತ್ರಿಗಳು ಕಟ್ಟಡ ನಿರ್ಮಾಣಗಾರರ ಜೊತೆ ಸಭೆ ನಡೆಸಿದ ಬೆನ್ನಿಗೆ, ರೈಲುಗಳು ಬೇಡವೆಂದು ರಾಜ್ಯದಿಂದ ರೈಲ್ವೆಗೆ ಪತ್ರ ಹೋಯಿತು. ದೇಶದೆಲ್ಲೆಡೆಯಿಂದ ಟೀಕೆ ಬಂದ ಮೇಲೆ ಮತ್ತೆ ರೈಲು ಬಿಟ್ಟರು. ದೊಡ್ಡವರಿಗೆ ಇದು ರಾಜಕೀಯದ ಸುದ್ದಿ. ಮಗುವಿನ ಪಾಲಿಗೆ ಹೇಗಿದ್ದಿರಬಹುದು? ‘ನಾಳೆ ಆಯಿಯ ಹತ್ತಿರ ಹೋಗೋಣ’ ಎಂದು ಗಂಟು ಕಟ್ಟುತ್ತಾರೆ. ಮರುದಿನ ಗಂಟು ಬಿಚ್ಚುತ್ತಾರೆ. ಮತ್ತೆ ಕಟ್ಟುತ್ತಾರೆ. ಎರಡು ಮೂರು ಸಲ ಹೀಗಾದರೆ ‘ನಾಳೆ’ ಎಂಬ ಮಾತಿನ ಮೇಲೆಯೇ ಮಗುವಿಗೆ ವಿಶ್ವಾಸ ಹೋಗುತ್ತದೆ.

ಊರು ತಲುಪಿದ ಮೇಲಾದರೂ ಸುಖವಿತ್ತೇ? ಎಷ್ಟೋ ಹಳ್ಳಿಗಳು ಹೆದರಿ ದಾರಿಗೆ ಮುಳ್ಳು ಹಾಕಿಕೊಂಡಿದ್ದವು. ಬೆಂಗಳೂರಿನಿಂದ ರೋಗ ತಂದವರೆಂದು ಬಂಧುಗಳೇ ದೂರ ನಿಂತರು. ಮುತ್ಯಾನ ಮಡಿಲಿಗೆ ಓಡಬೇಕಿದ್ದ ಮಗುವನ್ನು ತಡೆದು ನಿಲ್ಲಿಸಿದರು. ಬೆಂಗಳೂರಿನಲ್ಲಿ ಅದು ಹಳ್ಳಿಯದು, ಹಳ್ಳಿಯಲ್ಲಿ ಬೆಂಗಳೂರಿನದು. ಕೆಲ ತಿಂಗಳಲ್ಲಿ ಹೊಟ್ಟೆಪಾಡು ಅವರನ್ನು ಮತ್ತೆ ಇಲ್ಲಿಗೆ ಕರೆತಂದಿತು. ಈ ಸಲ ಬೇರೆ ಶೆಡ್ಡು, ಬೇರೆ ಬೀದಿ, ಹಳೆಯ ಜೊತೆಗಾರರಿಲ್ಲ. 2021ರ ಏಪ್ರಿಲ್ 27ಕ್ಕೆ ರಾಜ್ಯದಲ್ಲಿ ಮತ್ತೆ ಬೀಗ ಬಿತ್ತು. ಆ ಎರಡನೆಯ ಅಲೆಯಲ್ಲಿ ತಂದೆತಾಯಿಯನ್ನೇ ಕಳೆದುಕೊಂಡ ಮಕ್ಕಳಿಗೆ ಸರಕಾರ ‘ಬಾಲ ಸೇವಾ’ ಯೋಜನೆಯಲ್ಲಿ ತಿಂಗಳಿಗೆ 3,500 ರೂಪಾಯಿ ನಿಗದಿ ಮಾಡಿತು. ಅದು ಆಗಲೇಬೇಕಾದ ಕೆಲಸ. ತಂದೆತಾಯಿ ಬದುಕಿದ್ದೂ ಊರು, ಬೀದಿ, ಭಾಷೆ, ಗೆಳೆಯರನ್ನು ಎರಡೆರಡು ಬಾರಿ ಕಳೆದುಕೊಂಡ ಮಗುವಿನ ನಷ್ಟಕ್ಕೆ ಮಾತ್ರ ಹೆಸರೂ ಇಲ್ಲ.

‘ಆ ಹಳ್ಳಿಯಲ್ಲಿ ಏನಿತ್ತು? ನೀರೂ ಇರಲಿಲ್ಲ. ಅದನ್ನೇಕೆ ನೆನೆಸಿ ಅಳುತ್ತೀಯ?’ ಎಂದು ಕೆಲವು ತಂದೆಯರು ಗದರುತ್ತಾರೆ. ಇವರಿಗೆ ಹ. ಬಿಲಾಲ್(ರ)ರ ಒಂದು ಪ್ರಸಂಗವನ್ನು ನೆನಪಿಸಬೇಕಾಗಿದೆ. ಮಕ್ಕಾದಿಂದ ವಲಸೆ ಬಂದವರಿಗೆ ಮದೀನಾದ ಹವೆ ಒಗ್ಗಲಿಲ್ಲ. ಹಲವರು ಜ್ವರದಿಂದ ಮಲಗಿದರು. ಜ್ವರ ಇಳಿದಾಗಲೆಲ್ಲ ಬಿಲಾಲ್(ರ) ದನಿಯೆತ್ತಿ ಮಕ್ಕಾದ ಕಣಿವೆ, ಅಲ್ಲಿನ ಹುಲ್ಲು, ನೀರಿನ ತಾಣ, ಬೆಟ್ಟಗಳನ್ನು ನೆನೆದು ಹಾಡುತ್ತಿದ್ದರು. ಯಾವ ಮಕ್ಕಾ? ಉರಿಬಿಸಿಲಿನಲ್ಲಿ ಮಲಗಿಸಿ ಎದೆಯ ಮೇಲೆ ಬಂಡೆ ಹೇರಿದ ಅದೇ ಮಕ್ಕಾ. ಹ. ಆಯಿಶಾ(ರ) ಇದನ್ನು ಪ್ರವಾದಿವರ್ಯರಿಗೆ(ಸ) ತಿಳಿಸಿದರು. ಅವರು ಬಿಲಾಲರನ್ನು ಆಕ್ಷೇಪಿಸಿದ್ದು ಹದೀಸ್‌ನಲ್ಲಿ ಎಲ್ಲೂ ಇಲ್ಲ. ಮಕ್ಕಾದಷ್ಟೇ, ಅದಕ್ಕಿಂತಲೂ ಹೆಚ್ಚಾಗಿ ಮದೀನಾ ನಮಗೆ ಪ್ರಿಯವಾಗುವಂತೆ ಮಾಡು ಎಂದು ಅವರು ದೇವನಲ್ಲಿ ಪ್ರಾರ್ಥಿಸಿದರು. ಊರಿನ ಹಂಬಲವನ್ನು ಅಲ್ಲಗಳೆಯದೆ, ಹೊಸ ಊರನ್ನು ಪ್ರೀತಿಸುವಂತಾಗಲಿ ಎಂದು ಬೇಡಿದ ರೀತಿ ಇದು. ಅಪಾರ ಸಹನೆಯ ಬಿಲಾಲ್(ರ)ರಂಥ ವಯಸ್ಕರಿಗೇ ಊರಿನ ನೆನಪು ಕಾಡಿತೆಂದರೆ ಆರು ವರ್ಷದ ಕೂಸನ್ನು ದಂಡಿಸುವ ಹಕ್ಕು ನಮಗೆಲ್ಲಿಂದ ಬಂತು?

ಸತ್ತ ಹಕ್ಕಿಯ ವಿಚಾರಣೆ

ಹ. ಅನಸ್(ರ)ರಿಗೆ ಅಬೂ ಉಮೈರ್ ಎಂಬ ಪುಟ್ಟ ತಮ್ಮನಿದ್ದ. ಅವನು ಒಂದು ಸಣ್ಣ ಹಕ್ಕಿಯೊಡನೆ ಆಡುತ್ತಿದ್ದ. ಅದು ಸತ್ತುಹೋಯಿತು. ಮನೆಗೆ ಬಂದ ಪ್ರವಾದಿವರ್ಯರು(ಸ) ಮಗುವಿನ ಮುಖ ಬಾಡಿರುವುದನ್ನು ಗಮನಿಸಿ ಕಾರಣ ಕೇಳಿದರು. ಆಮೇಲೆ ಅವನನ್ನು ದೊಡ್ಡವರನ್ನು ಕರೆಯುವಂತೆ ಹೆಸರಿಟ್ಟು ಕರೆದು, ಆ ಪುಟ್ಟ ಹಕ್ಕಿಗೇನಾಯಿತು ಎಂದು ಅವನೊಡನೆಯೇ ವಿಚಾರಿಸಿದರು. ಒಂದು ಸಮುದಾಯದ ಹೊಣೆ ಹೊತ್ತವರಿಗೆ ಸತ್ತ ಹಕ್ಕಿಯೊಂದನ್ನು ವಿಚಾರಿಸಲು ಸಮಯವಿತ್ತು.

ಈ ಪ್ರಸಂಗವನ್ನು ನಾವು ಸಾಮಾನ್ಯವಾಗಿ ಪ್ರವಾದಿಯವರ(ಸ) ಮಕ್ಕಳ ಪ್ರೀತಿಗೆ ಉದಾಹರಣೆಯಾಗಿ ಹೇಳಿ ಮುಂದೆ ಸಾಗುತ್ತೇವೆ. ಸ್ವಲ್ಪ ನಿಂತು ನೋಡಿದರೆ ಅದರಲ್ಲಿ ಒಂದು ಕ್ರಮವಿದೆ. ಮೊದಲು ಮುಖ ನೋಡಿದ್ದು. ಬಾಡಿದೆ ಎಂದು ಗುರುತಿಸಿದ್ದು. ಮಗುವನ್ನು ಹೆಸರು ಹಿಡಿದು ಕರೆದದ್ದು. ಕಳೆದುಹೋದ ವಸ್ತುವಿನ ಹೆಸರನ್ನೇ ಎತ್ತಿ ಮಾತನಾಡಿದ್ದು. ಇನ್ನೊಂದು ಹಕ್ಕಿ ತಂದುಕೊಡುವೆ ಎಂಬ ಆಮಿಷವಿಲ್ಲ, ಗಂಡುಮಗು ಅಳಬಾರದೆಂಬ ಬುದ್ಧಿಮಾತಿಲ್ಲ. ಇಂದು ಮಕ್ಕಳ ಮನೋವೈದ್ಯರು ತಿಂಗಳುಗಟ್ಟಲೆ ತರಬೇತಿ ಪಡೆದು ಮಾಡುವ ಕೆಲಸದ ಮೊದಲ ಹೆಜ್ಜೆಯೂ ಇದೇ. ಸಹನೆ ಎಂದರೆ ಕಣ್ಣೀರನ್ನು ನುಂಗುವುದು ಎಂದು ನಮ್ಮಲ್ಲಿ ಹಲವರು ಮಕ್ಕಳಿಗೆ ಕಲಿಸುತ್ತಾರೆ. ತಮ್ಮ ಎಳೆಯ ಮಗ ಇಬ್ರಾಹೀಮರು ತೀರಿಕೊಂಡಾಗ ಪ್ರವಾದಿವರ್ಯರ(ಸ) ಕಣ್ಣುಗಳಿಂದ ನೀರು ಹರಿದುದನ್ನು ಆ ಮಕ್ಕಳಿಗೆ ಹೇಳುವುದಿಲ್ಲ.

ಮನೆಯಲ್ಲಿ, ಬೀದಿಯಲ್ಲಿ, ತರಗತಿಯಲ್ಲಿ

ಇಷ್ಟು ವರ್ಷಗಳ ನಂತರ ಏನು ಮಾಡಲು ಸಾಧ್ಯ? ಸಾಕಷ್ಟಿದೆ. ಎಳೆಯ ಮನಸ್ಸು ಗಾಯಗೊಳ್ಳುವಷ್ಟೇ ಬೇಗ ಚೇತರಿಸಿಕೊಳ್ಳುವ ಶಕ್ತಿಯನ್ನೂ ಪಡೆದಿದೆ, ಒಬ್ಬರಾದರೂ ಹಿರಿಯರು ಅದರ ಪಕ್ಕ ನಿಂತರೆ.

ತಾಯಂದಿರೇ, ತಂದೆಯರೇ, ಆ ದಿನಗಳ ಬಗ್ಗೆ ಮಗುವಿನೊಡನೆ ಮಾತನಾಡಿ. ಮರೆತಿದೆ ಎಂದು ತಿಳಿಯಬೇಡಿ. ಮೂರು ವರ್ಷದವರ ನೆನಪಿನಲ್ಲಿ ಘಟನೆ ಉಳಿಯದಿದ್ದರೂ ಭಯ ಉಳಿಯುತ್ತದೆ. ಪೋಲಿಸ್ ಜೀಪಿನ ಸದ್ದಿಗೆ ಹತ್ತು ವರ್ಷದ ಹುಡುಗ ಬೆಚ್ಚುವುದಕ್ಕೆ ಅವನಿಗೇ ಕಾರಣ ತಿಳಿದಿರುವುದಿಲ್ಲ. ನೀವು ಹೇಳಿ: ‘ನೀನು ಚಿಕ್ಕವನಿದ್ದಾಗ ಒಂದು ರೋಗ ಬಂದಿತ್ತು. ನಮಗೆ ಕೆಲಸ ಇರಲಿಲ್ಲ. ನಾನು ಬಹಳ ಸಿಟ್ಟು ಮಾಡುತ್ತಿದ್ದೆ. ಅದು ನಿನ್ನಿಂದ ಆದದ್ದಲ್ಲ.’ ಈ ಕೊನೆಯ ವಾಕ್ಯವನ್ನು ಬಿಡಬೇಡಿ. ಅದಕ್ಕಾಗಿ ಅವನು ವರ್ಷಗಟ್ಟಲೆ ಕಾದಿರಬಹುದು.

ನೀವು ಮನೆಯಲ್ಲಿ ಆಡುವ ಭಾಷೆ ಯಾವುದೇ ಇರಲಿ, ದಖನಿ, ಬಂಗಾಳಿ, ಒಡಿಯಾ ಅಥವಾ ಕಲಬುರಗಿಯ ಕನ್ನಡ, ಅದನ್ನು ಮಗುವಿನ ಬಾಯಿಂದ ಕಿತ್ತುಕೊಳ್ಳಬೇಡಿ. ಬೆಂಗಳೂರಿನ ಕನ್ನಡವನ್ನು ಅದು ಹೇಗೂ ಬೀದಿಯಲ್ಲಿ ಕಲಿಯುತ್ತದೆ, ಕಲಿಯಲೂ ಬೇಕು. ಆದರೆ ದುಃಖವನ್ನು ಮಗು ಹೇಳಿಕೊಳ್ಳುವುದು ತಾಯಿ ಲಾಲಿ ಹಾಡಿದ ಭಾಷೆಯಲ್ಲಿ. ಊರಿನಲ್ಲಿರುವ ಅಜ್ಜಿಯೊಡನೆ ವಾರಕ್ಕೊಮ್ಮೆಯಾದರೂ ಫೋನಿನಲ್ಲಿ ಮಾತನಾಡಿಸಿ. ಏನು ಮಾತು ಎಂದು ಅವಸರ ಮಾಡಬೇಡಿ. ಆಡಿನ ಮರಿ ಎಷ್ಟಾಗಿದೆ ಎಂಬುದು ಅದಕ್ಕೆ ಮಹತ್ವದ ಸುದ್ದಿ. ಬೆಂಗಳೂರಿನ ಭಾಷೆ ಬೇಗ ಕಲಿತ ಮಗುವನ್ನು ಮಾಲೀಕನೊಡನೆ, ಆಸ್ಪತ್ರೆಯವರೊಡನೆ ಮಾತನಾಡಲು ಮುಂದೆ ನಿಲ್ಲಿಸುವ ರೂಢಿ ವಲಸೆ ಬಂದ ಮನೆಗಳಲ್ಲಿದೆ. ಅನಿವಾರ್ಯವಾದಾಗ ಸರಿ. ಬಾಡಿಗೆಗೆ ಗಡುವು ಬೇಡುವ ಮಾತನ್ನು ಮಾತ್ರ ದಯವಿಟ್ಟು ಎಂಟು ವರ್ಷದ ಬಾಯಲ್ಲಿ ಆಡಿಸಬೇಡಿ.

ಆಟದ ಬಗ್ಗೆ ಒಂದು ಮಾತು. ಆ ವರ್ಷಗಳಲ್ಲಿ ಮಕ್ಕಳು ಒಬ್ಬ ಪೋಲಿಸ್, ಒಬ್ಬ ರೋಗಿ, ಒಬ್ಬ ಆ್ಯಂಬುಲೆನ್ಸ್ ಆಗಿ ಆಡುವುದನ್ನು ಕಂಡು ಅಪಶಕುನವೆಂದು ಬೈದ ಹಿರಿಯರಿದ್ದರು. ಅದು ಅಪಶಕುನವಲ್ಲ. ಮೈಮೇಲೆ ಬಂದು ಬಿದ್ದ ಘಟನೆಯನ್ನು ಆಟದಲ್ಲಿ ತನ್ನ ಕೈಗೆ ತೆಗೆದುಕೊಂಡು ಮಗು ಅದನ್ನು ಜೀರ್ಣಿಸಿಕೊಳ್ಳುತ್ತದೆ. ಆ ಆಟ ಕೊನೆಯಲ್ಲಿ ರೋಗಿ ಮನೆಗೆ ಮರಳುವಂತೆ ತಿರುಗದೆ, ತಿಂಗಳುಗಟ್ಟಲೆ ಒಂದೇ ರೀತಿ, ನಗುವಿಲ್ಲದೆ ಸಾಗಿದರೆ ಆಗ ಚಿಂತಿಸಬೇಕು.

ಹಾಗೆಯೇ ಕಲಿತಿದ್ದ ಮಾತುಗಳನ್ನೇ ಮಗು ಕಳೆದುಕೊಂಡರೆ, ವಾರಗಟ್ಟಲೆ ಯಾರೊಡನೆಯೂ ಬೆರೆಯದಿದ್ದರೆ, ತನ್ನನ್ನೇ ಹೊಡೆದುಕೊಂಡರೆ, ಹತ್ತು ವರ್ಷದಲ್ಲೂ ರಾತ್ರಿ ಹಾಸಿಗೆ ಒದ್ದೆಯಾಗುತ್ತಿದ್ದರೆ ತಾಯಿತ ಕಟ್ಟಿ ಕೂರದೆ ವೈದ್ಯರ ಬಳಿ ಹೋಗಿ. ನಮ್ಮದೇ ನಗರದ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಅಷ್ಟು ದೂರ ಹೋಗಲಾಗದವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆ ಇದೆ. 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಹಣವಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಮಗುವಿಗೆ ಹಿಂಸೆಯಾಗುತ್ತಿದೆ ಎಂಬ ಸಂದೇಹವಿದ್ದರೆ 1098. ಮನಸ್ಸಿನ ವೈದ್ಯರ ಬಳಿ ಹೋದರೆ ಮಗುವಿಗೆ ಹುಚ್ಚೆಂದು ಹೆಸರು ಬರುತ್ತದೆ, ನಾಳೆ ಹೆಣ್ಣು ಕೊಡುವವರಾರು ಎನ್ನುವವರು ನಮ್ಮ ನಡುವೆ ಇನ್ನೂ ಇದ್ದಾರೆ. ಇಂಥವರ ಮಾತಿಗೆ ಮಗುವನ್ನು ಬಲಿ ಕೊಡಬೇಕಿಲ್ಲ.

ಇನ್ನು ಶಿಕ್ಷಕರು ಮತ್ತು ಉಸ್ತಾದರು. 2022-23ರಲ್ಲಿ ಸರಕಾರ ‘ಕಲಿಕಾ ಚೇತರಿಕೆ’ ಎಂಬ ಕಾರ್ಯಕ್ರಮ ತಂದು, ಎರಡು ವರ್ಷದಲ್ಲಿ ಕಳೆದುಹೋದ ಅಕ್ಷರ, ಲೆಕ್ಕಗಳನ್ನು ಮರಳಿ ಕಲಿಸಲು ಯತ್ನಿಸಿತು. ಶ್ಲಾಘನೀಯ. ಆದರೆ ಕೂಡುವ ಲೆಕ್ಕ ತಪ್ಪುವ ಹುಡುಗನಿಗೆ ಕೂಡುವುದು ಬಾರದೋ, ಕೈ ಎತ್ತಿ ‘ಗೊತ್ತಾಗಲಿಲ್ಲ’ ಎನ್ನುವ ಧೈರ್ಯ ಇಲ್ಲವೋ ಎಂಬುದನ್ನು ಯಾವ ಅಭ್ಯಾಸ ಪುಸ್ತಕವೂ ಪತ್ತೆ ಹಚ್ಚದು. ಅದನ್ನು ನೀವೇ ನೋಡಬೇಕು. ನಲವತ್ತು ಮಕ್ಕಳ ತರಗತಿಯಲ್ಲಿ ಗಲಾಟೆ ಮಾಡುವ ಐವರ ಮೇಲೆ ನಿಮ್ಮ ಕಣ್ಣಿರುವುದು ಸಹಜ. ವಾರದಲ್ಲಿ ಒಂದು ದಿನ ಆ ಐವರನ್ನು ಬಿಟ್ಟು, ಹಾಜರಿ ಕೂಗಿದಾಗ ಹೊರತು ಬಾಯಿ ತೆರೆಯದ ಐವರನ್ನು ಲೆಕ್ಕ ಹಾಕಿ. ಅವರಲ್ಲಿ ಯಾರು ಯಾವ ಊರಿನವರು, 2020ರಲ್ಲಿ ಎಲ್ಲಿದ್ದರು, ಅದಕ್ಕೂ ಮೊದಲು ಯಾವ ಶಾಲೆಯಲ್ಲಿದ್ದರು ಎಂದು ಕೇಳಿ ತಿಳಿಯಿರಿ. ಉತ್ತರ ಮೊದಲ ದಿನವೇ ಬರುವುದಿಲ್ಲ.

ಚಿತ್ರ ಬರೆಸುವುದು ಇದಕ್ಕೊಂದು ಸುಲಭ ದಾರಿ. ‘ನಿನ್ನ ಮನೆಯ ಚಿತ್ರ ಬರೆ’ ಎಂದು ಹಾಳೆ ಕೊಡಿ. ಎಲ್ಲ ಮಕ್ಕಳೂ ಬರೆಯತೊಡಗಿದಾಗ ಇವನು ಪೆನ್ಸಿಲ್ ಹಿಡಿದು ಸುಮ್ಮನೆ ಕುಳಿತಿರಬಹುದು. ಹತ್ತಿರ ಹೋಗಿ ಕೇಳಿದರೆ ‘ಯಾವ ಮನೆ, ಮಿಸ್?’ ಎನ್ನಬಹುದು. ಎರಡನ್ನೂ ಬರೆ ಎನ್ನಿ. ಜಾಗ ಸಾಲದಿದ್ದರೆ ಇನ್ನೊಂದು ಹಾಳೆ ಕೊಡಿ.